ಗಾಜಿಗೆ ಹತ್ತಿದ ಮಣ್ಣು

ಹೋದ ತಿಂಗಳು ಅಹಮದಾಬಾದಿನ ನವರಂಗಪುರದಲ್ಲಿ ಆಟೊಗೆ ಕಾಯುತ್ತಿದ್ದೆ. ಪಕ್ಕದ ಅಂಗಡಿಯ ಶಟರಿನ ಮೇಲೆ ಹೆಸರು ಬರೆಯುತ್ತಿದ್ದ ಪೇಂಟರ್ ತನ್ನ ಬ್ರಷ್ಷನ್ನು ಥಿನ್ನರ್ ಡಬ್ಬಿಯಲ್ಲಿ ಅದ್ದಿ ಅಲ್ಲಾಡಿಸಿದ. ಆ ವಾಸನೆ ಬಂದದ್ದೇ ತಡ, ನನ್ನ ಹೆಬ್ಬೆರಳು ತಾನಾಗಿ ತೋರುಬೆರಳನ್ನು ಉಜ್ಜತೊಡಗಿತು, ಉಗುರಿನ ಸಂದಿಯಲ್ಲಿ ಒಣಗಿದ ಬಣ್ಣ ಇನ್ನೂ ಇದೆ ಎಂಬಂತೆ. ನೆನಪು ಮೊದಲು ಬಂದದ್ದು ಬೆರಳಿಗೆ. ತಲೆಗೆ ಬಂದದ್ದು ಆಮೇಲೆ. ತಲೆಗೆ ಬಂದದ್ದನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಆ ಚಳಿಗಾಲದ ವಿಷಯ ಹಲವರಿಗೆ ಹೇಳಿದ್ದೇನೆ. ಹೇಳಿದ ಪ್ರತಿ ಸಲವೂ ಅದು ಸ್ವಲ್ಪ ನಯವಾಗಿದೆ, ಕೈಯಾಡಿದ ಕಟ್ಟಿಗೆಯ ಹಿಡಿಕೆಯ ಹಾಗೆ. ಮೊದಲು ಹೇಳುವಾಗ ಮಧ್ಯೆ ತಡವರಿಸುತ್ತಿದ್ದೆ, ಈಗ ತಡವರಿಸುವುದಿಲ್ಲ. ಅದೇ ನನಗೆ ಅನುಮಾನ. ಆದ್ದರಿಂದ ಎಲ್ಲಿ ಗೊತ್ತಿಲ್ಲವೋ ಅಲ್ಲಿ ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ಎರಡು ಸಾವಿರದ ಮೂರರ ಚಳಿಗಾಲ, ಸೂರತ್. ನಾನು ಬೆಟಗೇರಿಯ ನೇಕಾರರ ಮನೆಯವನು. ಜವಳಿ ರಸಾಯನದ ಡಿಪ್ಲೊಮಾ ಮುಗಿಸಿ ಊರ ಹೊರಗಿನ ಒಂದು ಬಣ್ಣದ ಮಿಲ್ಲಿನ ಲ್ಯಾಬಿಗೆ ಸೇರಿ ಎರಡು ವರ್ಷವಾಗಿತ್ತು. ಸೀರೆ ವ್ಯಾಪಾರಿ ಒಂದು ಚಿಂದಿ ತಂದು ‘ಈ ಬಣ್ಣ ಬೇಕು’ ಎನ್ನುತ್ತಾನೆ. ಅದೇ ಬಣ್ಣವನ್ನು ಚಿಕ್ಕ ಬೀಕರಿನಲ್ಲಿ ಕುದಿಸಿ, ಬಟ್ಟೆಗೆ ಹಿಡಿಸಿ, ಹೊಂದಿಸಿ ತೋರಿಸುವುದು ನನ್ನ ಕೆಲಸ. ಲ್ಯಾಬಿನ ಹಿರಿಯ ರಮಣ್‌ಭಾಯ್ ಮೊದಲ ದಿನವೇ ಒಂದು ನಿಯಮ ಕಲಿಸಿದ್ದರು: ಪಾರ್ಟಿಯ, ಎಂದರೆ ಗಿರಾಕಿಯ, ಕಣ್ಣೇ ಅಳತೆ. ಪಾರ್ಟಿ ನೋಡಿ ‘ಪಾಸ್’ ಎಂದರೆ ಮುಗಿಯಿತು. ನಿನ್ನ ಕಣ್ಣಿಗೆ ಏನು ಕಂಡಿತು ಎಂದು ಯಾರೂ ಕೇಳಿಲ್ಲ.

ಅಡಾಜಣ್‌ನಲ್ಲಿ ಇಬ್ಬರು ಗೆಳೆಯರೊಂದಿಗೆ ಒಂದು ಫ್ಲ್ಯಾಟಿನಲ್ಲಿದ್ದೆ. ಅದೇ ಕಟ್ಟಡದ ಕೆಳಗೆ ಉಡುಪಿ ಕಡೆಯ ನಾಗೇಶಣ್ಣನ ಹೋಟೆಲು. ಅಡುಗೆಮನೆ ಅವರ ಹೆಂಡತಿ ಸುಮತಿ ಅಕ್ಕನ ಕೈಯಲ್ಲಿ. ಗಲ್ಲಾದಲ್ಲಿ ಕೂರುತ್ತಿದ್ದವರು ನಾಗೇಶಣ್ಣನ ಅಣ್ಣ ವಾಸಣ್ಣ. ಅರವತ್ತು ದಾಟಿದ್ದವರು, ಮದುವೆಯಾಗದವರು, ಸೈನ್ಯದಲ್ಲಿ ಹದಿನಾರು ವರ್ಷ ಟ್ಯಾಂಕ್ ಓಡಿಸಿದವರು. ಅವರ ಹಿಂದಿ ಹುಕುಮಿನ ಹಾಗೆ ಹೊರಡುತ್ತಿತ್ತು, ಕನ್ನಡ ಮಾತ್ರ ಮೆತ್ತಗೆ. ಬಣ್ಣದ ಮಿಲ್ಲಿನವನು ಎಂದು ನನ್ನನ್ನು ‘ಮಾಸ್ತರೇ’ ಎಂದು ಕರೆಯುತ್ತಿದ್ದರು. ಅರ್ಧ ಗೌರವ, ಅರ್ಧ ತಮಾಷೆ.

ದೀಪಾವಳಿಯ ರಜೆ ಮುಗಿದು ಮಿಲ್ಲು ಶುರುವಾದ ವಾರ, ಒಂದು ಸಂಜೆ ನಾನು ಕೈ ತೊಳೆಯುತ್ತಿದ್ದಾಗ ಹಿಂದಿನಿಂದ ಬಂದು ನಿಂತರು.

“ಮಾಸ್ತರೇ, ನಿಮ್ಮಿಂದ ಒಂದು ಕೆಲಸ ಆಗ್ಬೇಕಿತ್ತು. ಮೇಲೆ ಬನ್ನಿ.”

ಹೋಟೆಲಿನ ಮೇಲಿನ ಕೋಣೆ ಅವರದು. ಅಕ್ಕಿ ಚೀಲ, ಎಣ್ಣೆ ಡಬ್ಬಿಗಳ ನಡುವೆ ಒಂದು ಮಂಚ, ಒಂದು ಮೇಜು, ಒಂದು ಟ್ಯೂಬ್‌ಲೈಟು. ಮೇಜಿನ ಮೇಲೆ ಮಸ್ಕತ್ತಿನಿಂದ ಯಾರೋ ನೆಂಟರು ತಂದುಕೊಟ್ಟಿದ್ದ ಪೆಟ್ಟಿಗೆ. ಒಳಗೆ ಪ್ಲಾಸ್ಟಿಕ್ಕಿನ ರಷ್ಯನ್ ಟ್ಯಾಂಕೊಂದರ ನೂರಾರು ಬಿಡಿಭಾಗಗಳು. ಜೋಡಿಸಿದರೆ ಗೇಣುದ್ದ ಆಗುವಂಥದ್ದು. ಪಕ್ಕದಲ್ಲಿ ಒಂದು ಫೋಟೊ, ಕಪ್ಪು ಬಿಳುಪು: ಟ್ಯಾಂಕಿನ ಮುಂದೆ ನಾಲ್ಕು ಜನ ಸೈನಿಕರು, ಕೊನೆಯವರು ತೆಳ್ಳಗಿನ ವಾಸಣ್ಣ. ಜೊತೆಗೆ ಹಿಂದಿಯಲ್ಲಿ ಬರೆದ ಒಂದು ಕಾಗದ. ಓದು ಎಂದು ಕಣ್ಣಲ್ಲೇ ಹೇಳಿದರು.

ಬರೆದವಳು ವಡೋದರಾದ ಶಾಲಾ ಟೀಚರ್ ನೀತಾ. ಫೋಟೊದಲ್ಲಿ ಮಧ್ಯೆ ನಿಂತ ಅಧಿಕಾರಿಯ ಮಗಳು. ಅವಳ ತಂದೆ ಎಪ್ಪತ್ತೊಂದರ ಯುದ್ಧದಲ್ಲಿ ಅದೇ ಟ್ಯಾಂಕಿನಲ್ಲಿ ಸತ್ತವರು. ಆಗ ಅವಳಿಗೆ ಮೂರು ವರ್ಷ. ‘ಅಮ್ಮ ಹೋದ ಮೇಲೆ ಟ್ರಂಕಿನಲ್ಲಿ ಈ ಫೋಟೊ ಸಿಕ್ಕಿತು ಅಂಕಲ್. ಇದರಲ್ಲಿ ಬಣ್ಣವಿಲ್ಲ. ಆ ದಿನ ಪಪ್ಪಾನ ಗಾಡಿ ಹೇಗಿತ್ತು, ಏನಾಯಿತು ಎಂದು ಹೇಳುವವರು ನಿಮ್ಮನ್ನು ಬಿಟ್ಟು ಯಾರೂ ಉಳಿದಿಲ್ಲ.’ ಉತ್ತರಾಯಣದ, ಎಂದರೆ ನಮ್ಮ ಸಂಕ್ರಾಂತಿಯ, ಮರುದಿನ ಶಾಲೆಗೆ ರಜೆ, ಅಂದು ಮನೆಗೆ ಬನ್ನಿ ಎಂದು ಕರೆದಿದ್ದಳು.

ಏನಾಯಿತು ಎಂಬುದು ಹೋಟೆಲಿಗೆ ಬರುವ ಎಲ್ಲರಿಗೂ ಗೊತ್ತಿದ್ದ ಸಂಗತಿ. ವಾಸಣ್ಣ ಗಲ್ಲಾದಲ್ಲಿ ಕೂತು ಎಷ್ಟೋ ಸಲ ಹೇಳಿದ್ದರು. ಶತ್ರು ಎಲ್ಲಿದ್ದಾನೆಂದು ನೋಡಲು ಸಾಹೇಬರು ಮೇಲಿನ ಮುಚ್ಚಳ ತೆಗೆದು ತಲೆ ಹೊರಗೆ ಹಾಕಿದರು, ಒಂದು ಕಬ್ಬಿಣದ ಚೂರು ಬಂದು ಬಡಿಯಿತು, ಅಂಥ ಧೈರ್ಯಸ್ಥರು.

“ಅದನ್ನ ಬರದ್ರ ಆತಲ್ರೀ ಅಣ್ಣಾರ,” ಎಂದೆ.

“ಕೂತೆ ಮಾರಾಯ್ರೆ. ಐದು ಸಲ ಕೂತೆ. ಪೆನ್ನು ಹಿಡಿದ್ರೆ ಕೈ ಮುಂದೆ ಹೋಗುದಿಲ್ಲ.” ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದರು. “ಇದನ್ನು ಆ ದಿನ ಇದ್ದ ಹಾಗೇ ಮಾಡಿ ಅವಳ ಕೈಯಲ್ಲಿ ಇಟ್ಟುಬಿಡುವ. ಬಣ್ಣ, ಧೂಳು, ಕೆಸರು, ಎಲ್ಲ. ಅವಳು ನೋಡಿ ತಿಳ್ಕೊಳ್ಳಲಿ. ಅಂಗಡಿಯಲ್ಲಿಟ್ಟ ಆಟದ ಸಾಮಾನಿನ ಹಾಗೆ ಆಗ್ಬಾರ್ದು, ಅಷ್ಟೇ.”

ಜೋಡಿಸುವುದು ಸುಲಭವಾಯಿತು. ಮೊದಲ ಪದರ ರೆಡ್ ಆಕ್ಸೈಡ್. ಕಷ್ಟ ಶುರುವಾದದ್ದು ಹಸಿರಿನಿಂದ. ಅಂಗಡಿ ಫಲಕ ಬರೆಯುವವರ ಎನಾಮೆಲ್ ಬಣ್ಣಗಳನ್ನು ತಂದು ಕಲಸಿ, ಹೋಟೆಲಿನ ಬಿಳಿ ಪ್ಲಾಸ್ಟಿಕ್ ಚಮಚಗಳಿಗೆ ಹಚ್ಚಿ, ಹಿಂಬದಿಗೆ ನಂಬರು ಹಾಕಿ ಟ್ಯೂಬ್‌ಲೈಟಿನ ಕೆಳಗೆ ಸಾಲಾಗಿ ಇಡುತ್ತಿದ್ದೆ. ವಾಸಣ್ಣ ಒಂದೊಂದನ್ನೇ ಮೂಗಿನ ಹತ್ತಿರ ತಂದು ನೋಡುತ್ತಿದ್ದರು.

“ಹಸಿರು ಹೌದು. ನಮ್ಮ ಹಸಿರಲ್ಲ. ಹಳದಿ ಜಾಸ್ತಿ ಆಯ್ತು.”

ನೀಲಿ ಸೇರಿಸಿದೆ.

“ಇನ್ನೂ ಹಳದಿ.”

ಮತ್ತೆ ಸೇರಿಸಿದೆ. ಎಂಟನೆಯ ಚಮಚಕ್ಕೆ ಸುಮತಿ ಅಕ್ಕ ಮೆಟ್ಟಿಲ ಕೆಳಗಿನಿಂದ ಕೂಗಿದರು: “ಭಾವಾ, ಪಾರ್ಸೆಲಿಗೆ ಒಂದು ಚಮಚ ಉಳಿಲಿಲ್ಲ. ಎಲ್ಲ ನಿಮ್ಮ ಯುದ್ಧಕ್ಕೆ ಹೋಯ್ತಾ? ಜನ ಉಪ್ಪಿಟ್ಟು ಕೈಯಲ್ಲಿ ತಿನ್ನುದಾ?”

“ಕೈಯಲ್ಲೇ ತಿನ್ಲಿ. ಕೈ ಎಂತಕ್ಕುಂಟು?”

ಹದಿನಾಲ್ಕನೆಯ ಚಮಚವನ್ನು ಕೆಳಗಿಡಲಿಲ್ಲ, ಫೋಟೊದ ಪಕ್ಕಕ್ಕೆ ಹಿಡಿದರು. “ಇದೇ,” ಎಂದರು. “ಪಾಸ್.”

ಮರುದಿನ ಆ ಚಮಚವನ್ನು ಲ್ಯಾಬಿಗೆ ಒಯ್ದೆ. ಅಲ್ಲೊಂದು ಪೆಟ್ಟಿಗೆ ಇದೆ, ಒಂದೇ ಚಿಂದಿಯನ್ನು ಬೇರೆ ಬೇರೆ ಬೆಳಕಿನಲ್ಲಿ ನೋಡಲಿಕ್ಕೆ. ಟ್ಯೂಬ್‌ಲೈಟಿನಲ್ಲಿ ಹೇಗೋ ಹಸಿರೆನ್ನಬಹುದಾಗಿದ್ದದ್ದು ಹಗಲಿನ ದೀಪ ಹಾಕಿದೊಡನೆ ನವಿಲಿನ ಕತ್ತಿನ ಬಣ್ಣಕ್ಕೆ ತಿರುಗಿತು. ಯಾವ ದೇಶದ ಸೈನ್ಯವೂ ಅಂಥ ಟ್ಯಾಂಕ್ ಇಟ್ಟುಕೊಂಡಿರಲಾರದು. ವಾಸಣ್ಣನ ಎರಡೂ ಕಣ್ಣಿಗೆ ಪೊರೆ ಬಂದದ್ದು ನನಗೆ ಗೊತ್ತಿತ್ತು. ಡಿಸೆಂಬರಿನಲ್ಲಿ ಬಲಗಣ್ಣಿನ ಆಪರೇಷನ್ ಎಂದು ದಿನವೂ ಗೊತ್ತಾಗಿತ್ತು. ಪೊರೆ ಬಂದ ಕಣ್ಣಿಗೆ ಎಲ್ಲವೂ ಹಳದಿ. ಹಳದಿ ಗಾಜಿನ ಮೂಲಕ ನೋಡುವವನು ಹಳದಿಯನ್ನು ಕಡಿಮೆ ಮಾಡು ಎನ್ನುತ್ತಲೇ ಇರುತ್ತಾನೆ. ಇಷ್ಟು ತಿಳಿಯದಿದ್ದರೆ ನಾನು ಲ್ಯಾಬಿನಲ್ಲಿ ಎರಡು ವರ್ಷ ಏನು ಮಾಡಿದೆ?

ತಿಳಿದೇ ಇತ್ತು. ಹೇಳಲಿಲ್ಲ. ಪಾರ್ಟಿ ಪಾಸ್ ಮಾಡಿತ್ತು. ಅವರು ಆ ಚಮಚವನ್ನು ಫೋಟೊದ ಪಕ್ಕ ಹಿಡಿದದ್ದನ್ನು ನೋಡಿದ ಮೇಲೆ ಬಾಯಿ ಬರಲಿಲ್ಲ ಎಂದೂ ಅಂದುಕೊಳ್ಳುತ್ತೇನೆ. ಇದು ಆಗಲೇ ಅನ್ನಿಸಿದ್ದೋ ಆಮೇಲೆ ನಾನು ಸೇರಿಸಿಕೊಂಡದ್ದೋ ಗೊತ್ತಿಲ್ಲ.

ಇಡೀ ಟ್ಯಾಂಕಿಗೆ ಆ ಹಸಿರನ್ನೇ ಬಳಿದೆ.

ಮುಂದಿನದು ಹೊಸ ಬಣ್ಣವನ್ನು ಹಳತು ಮಾಡುವ ಕೆಲಸ. ಮಿಲ್ಲಿನಲ್ಲಿ ನಾವು ಮಾಡುವುದಕ್ಕೆ ಪೂರಾ ತಿರುವುಮುರುವು. ಕಂದು ಎಣ್ಣೆಬಣ್ಣವನ್ನು ಟರ್ಪೆಂಟೈನಿನಲ್ಲಿ ನೀರಾಗಿಸಿ ಹರಿಬಿಟ್ಟರೆ ಅದು ಸಂದುಗೊಂದುಗಳಲ್ಲಿ ಹೋಗಿ ನಿಲ್ಲುತ್ತದೆ, ವರ್ಷಗಟ್ಟಲೆಯ ಜಿಡ್ಡಿನ ಹಾಗೆ. ಬ್ರಷ್ಷನ್ನು ಚಿಂದಿಗೆ ಒರೆಸಿ ಒರೆಸಿ, ಬಣ್ಣವೇ ಇಲ್ಲವೆನ್ನುವಷ್ಟಾದಾಗ ಅಂಚುಗಳ ಮೇಲೆ ಸವರಿದರೆ ಅಂಚು ಸವೆದು ಬೆಳ್ಳಗಾದಂತೆ ಕಾಣುತ್ತದೆ. ಪಾತ್ರೆ ತಿಕ್ಕುವ ಸ್ಪಂಜಿನ ಚೂರಿನಿಂದ ಗಾಢ ಕಂದು ಚುಕ್ಕೆ ಒತ್ತಿದರೆ, ಬೂಟು ತಾಗಿ ತಾಗಿ ಬಣ್ಣ ಎದ್ದ ಜಾಗ. ಸೀಸದಕಡ್ಡಿಯ ಪುಡಿ ಉಜ್ಜಿದರೆ ಚೈನಿಗೆ ಕಬ್ಬಿಣದ ಹೊಳಪು.

ಕೆಸರಿಗೆ ಮಣ್ಣು ಬೇಕಿತ್ತು. ಒಂದು ಭಾನುವಾರ ಇಬ್ಬರೂ ತಾಪಿ ದಂಡೆಗೆ ಹೋದೆವು. ನದಿಯ ಬಳಿ ಪೋಂಕ್ ಮಾರುವವರ ಚಪ್ಪರಗಳು ಎದ್ದಿದ್ದವು. ಪೋಂಕ್ ಎಂದರೆ ಎಳೆ ಜೋಳದ ತೆನೆಯನ್ನು ಸುಟ್ಟು ಬಡಿದು ತೆಗೆದ ಹಸಿರು ಕಾಳು, ನಮ್ಮ ಕಡೆಯ ಸೀತನಿ. ಸೂರತಿನವರು ಅದಕ್ಕೆ ಲಿಂಬೆ, ಸೇವು ಹಾಕಿ ತಿನ್ನುತ್ತಾರೆ. ನಮ್ಮ ಮನೆಯಲ್ಲಿ ಬೆಲ್ಲ ಹಾಕುತ್ತಿದ್ದರು. ವಾಸಣ್ಣ ಒಂದು ಮುಷ್ಟಿ ಬಾಯಿಗೆ ಹಾಕಿ, ಬಗ್ಗಿ, ದಂಡೆಯ ಒಂಡುಮಣ್ಣನ್ನು ಬೆರಳಲ್ಲಿ ತೀಡಿ ಮೂಸಿದರು.

“ಅಲ್ಲಿಯದ್ದು ಇದಕ್ಕಿಂತ ಅಂಟು. ಕಬ್ಬಿನ ಗದ್ದೆ ಅಲ್ವಾ, ನೀರು ಬಿಟ್ಟಿದ್ರು. ಗಾಡಿ ಹೋದ ಹಾಗೆ ಮುಂದಿನಿಂದ ಹಾರಿ ಹಾರಿ ಬೀಳ್ತಿತ್ತು.”

“ಎಲ್ಲಿ ಮಟಾ ಬೀಳ್ತಿತ್ರೀ?”

“ಎಲ್ಲ ಕಡೆ.”

ಮಣ್ಣನ್ನು ಒಣಗಿಸಿ, ಮಿಲ್ಲಿನ ಜಾರ್ಜೆಟ್ ಚಿಂದಿಯಲ್ಲಿ ಸೋಸಿ, ಗೋಂದಿನಲ್ಲಿ ಕಲಸಿದೆ. ಬ್ರಷ್ಷನ್ನು ಅದ್ದಿ ಕೂದಲನ್ನು ಬೆರಳಿನಿಂದ ಮೀಟಿದರೆ ಹನಿ ಹನಿಯಾಗಿ ಸಿಡಿಯುತ್ತದೆ. ಮುಂಭಾಗಕ್ಕೆಲ್ಲ ಸಿಡಿಸಿದೆ. ಮುಂದೆ ಎಡಕ್ಕೆ, ತಗ್ಗಿನಲ್ಲಿ, ಡ್ರೈವರ್ ಕೂರುವ ಜಾಗ. ಅವನ ಮುಚ್ಚಳದ ಮುಂದೆ ಎರಡು ಚಿಕ್ಕ ಗಾಜುಗಳು. ಯುದ್ಧದಲ್ಲಿ ಮುಚ್ಚಳ ಹಾಕಿಕೊಂಡ ಮೇಲೆ ಅವನಿಗೆ ಲೋಕವೆಂದರೆ ಆ ಎರಡು ಗಾಜು. ಮಾದರಿಯಲ್ಲಿ ಅವು ಜೋಳದ ಕಾಳಿನ ಅರ್ಧದಷ್ಟು. ಅವುಗಳ ಮೇಲೂ ಕೆಸರು ಬಿತ್ತು.

ವಾಸಣ್ಣ ಟ್ಯಾಂಕನ್ನು ನನ್ನ ಕೈಯಿಂದ ಕಿತ್ತುಕೊಂಡರು. ಹೆಬ್ಬೆರಳ ಉಗುರಿನಿಂದ ಗಾಜನ್ನು ಕೆರೆಯತೊಡಗಿದರು. ಟ್ಯಾಂಕಿನ ಮುಂದಿನ ಪುಟ್ಟ ಲಾಂದ್ರ ಮುರಿದು ನೆಲಕ್ಕೆ ಹಾರಿತು. ನಿಲ್ಲಿಸಲಿಲ್ಲ.

“ಗಾಜಿಗೆ ಮಣ್ಣಿಲ್ಲ!” ಹಿಂದಿಯಲ್ಲಿ ಕೂಗಿದರು, ಪರೇಡಿನ ದನಿಯಲ್ಲಿ. ಆಮೇಲೆ ಕನ್ನಡದಲ್ಲಿ, “ಡ್ರೈವರ್ ಯಾರು, ನೀವಾ ನಾನಾ? ಗಾಜು ಒರೆಸದೆ ಯಾವ ಡ್ರೈವರ್ ಗಾಡಿ ಬಿಡ್ತಾನೆ?”

“ಎಲ್ಲಾ ಕಡೆ ಅಂದ್ರೆಲ್ರೀ…”

“ಗಾಜು ಬಿಟ್ಟು.”

ನಾನು ನೆಲದ ಮೇಲೆ ಲಾಂದ್ರ ಹುಡುಕಿದೆ. ಅವರು ಟ್ಯಾಂಕನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಹೋದರು. ಸ್ವಲ್ಪ ಹೊತ್ತಿಗೆ ಸುಮತಿ ಅಕ್ಕ ಒಂದು ತಟ್ಟೆ ದೋಸೆ ತಂದಿಟ್ಟು, ನನ್ನ ಕಡೆ ನೋಡಿ ಪಿಸುದನಿಯಲ್ಲಿ, “ಭಾವ ಕೆಳಗೆ ಬಂದು ಹೇಳಿದ್ದು, ಮಾಸ್ತರಿಗೆ ತುಪ್ಪ ಜಾಸ್ತಿ ಹಾಕು ಅಂತ. ಅಂಥ ಬೈಗುಳ ಎಂತ ಆಯ್ತು?” ಎಂದರು.

ಏನಾಯಿತೆಂದು ನನಗೂ ತಿಳಿಯಲಿಲ್ಲ. ಗೇಣುದ್ದದ ಪ್ಲಾಸ್ಟಿಕ್ಕಿನ ಎರಡು ಚುಕ್ಕೆ ಗಾಜಿಗೆ ಒಬ್ಬ ಮನುಷ್ಯ ಹಾಗೆ ಕೂಗುವುದನ್ನು ನಾನು ನೋಡಿರಲಿಲ್ಲ.

ಡಿಸೆಂಬರಿನಲ್ಲಿ ಆಪರೇಷನ್ ಆಯಿತು. ಒಂದಷ್ಟು ದಿನ ಕಪ್ಪು ಕನ್ನಡಕ, ತಲೆ ಬಗ್ಗಿಸಬಾರದು, ಗಲ್ಲಾ ಇಲ್ಲ. ಅದು ಮುಗಿದ ಮೇಲಿನ ಭಾನುವಾರ ಮಧ್ಯಾಹ್ನ ನನ್ನನ್ನು ಕರೆಸಿದರು. ಹೋದಾಗ ಕಿಟಕಿ ಪೂರ್ತಿ ತೆರೆದಿತ್ತು. ಟ್ಯಾಂಕು ಅವರ ಅಂಗೈ ಮೇಲಿತ್ತು. ಎಡಗಣ್ಣು ಮುಚ್ಚಿ ನೋಡಿದರು. ಬಲಗಣ್ಣು ಮುಚ್ಚಿ ನೋಡಿದರು. ಮತ್ತೆ ಎಡ, ಮತ್ತೆ ಬಲ.

“ಇದು ಯಾರು ಮಾಡಿದ್ದು?”

“ನಾವ ಮಾಡಿದ್ದರಿ.”

“ಇದು ನೀಲಿ.”

ಟ್ಯಾಂಕನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು.

“ಹಳೇ ಕಣ್ಣಲ್ಲಿ ನೋಡಿದ್ರೆ ನಮ್ಮ ಗಾಡಿ. ಹೊಸ ಕಣ್ಣಲ್ಲಿ ನೋಡಿದ್ರೆ ಯಾವುದೋ ಮದುವೆ ಬಸ್ಸು. ಇದನ್ನು ನಾನು ಪಾಸ್ ಮಾಡಿದ್ನಾ?”

“ಹೌದ್ರಿ.”

“ನಿಮಗೆ ಕಂಡಿರ್ಲಿಲ್ವಾ?”

ಸುಳ್ಳು ಹೇಳಬಹುದಿತ್ತು. ತಪ್ಪನ್ನು ಟ್ಯೂಬ್‌ಲೈಟಿನ ಮೇಲೆ ಹಾಕಬಹುದಿತ್ತು. “ಕಂಡಿತ್ತರಿ,” ಎಂದೆ.

“ಮತ್ತೆ?”

“ನೀವು ಪಾಸ್ ಅಂದ್ರಿ.”

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಟ್ಯಾಂಕನ್ನು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದರು, ಒಂದು ಕಣ್ಣಲ್ಲಿ. “ಕಂಡದ್ದನ್ನು ಹೇಳದೆ ಇರ್ಲಿಕ್ಕೆ ನನಗೊಬ್ಬನಿಗೇ ಬರ್ತದೆ ಅಂತ ಗ್ರಹಿಸಿದ್ದೆ,” ಎಂದರು. ಆಗ ಅದರ ಅರ್ಥ ಆಗಲಿಲ್ಲ. ಆಗಲಿಲ್ಲ ಎಂದೇ ನೆನಪು.

ಉತ್ತರಾಯಣಕ್ಕೆ ಮೂರು ವಾರವೂ ಇರಲಿಲ್ಲ. ಥಿನ್ನರಿನಲ್ಲಿ ಅದ್ದಿದ ಹತ್ತಿಯಿಂದ ಎಲ್ಲ ಬಣ್ಣವನ್ನೂ ಒರೆಸಿ ತೆಗೆದೆವು. ಹೆಚ್ಚು ಉಜ್ಜಿದರೆ ಪ್ಲಾಸ್ಟಿಕ್ಕೇ ಕರಗುತ್ತದೆ, ಕಡಿಮೆ ಉಜ್ಜಿದರೆ ಬಣ್ಣ ಬಿಡುವುದಿಲ್ಲ. ಒಂದು ಬದಿಯಲ್ಲಿ ಸ್ವಲ್ಪ ಕರಗಿಯೇ ಹೋಯಿತು. ವಾಸಣ್ಣ ಅದನ್ನು ನೋಡಿ, “ಇರಲಿ, ಅಲ್ಲಿ ಒಂದು ಗೋಡೆಗೆ ತಾಗಿಸಿದ್ದೆ,” ಎಂದರು. ನಿಜವೋ ನನ್ನ ಸಮಾಧಾನಕ್ಕೋ?

ಟ್ಯೂಬ್‌ಲೈಟಿನ ಕೆಳಗೆ ಇನ್ನು ಕೆಲಸ ಬೇಡವೆಂದು ತೀರ್ಮಾನಿಸಿದೆವು. ಬೆಳಗ್ಗೆ ನನ್ನ ಶಿಫ್ಟಿಗೆ ಮುಂಚೆ ಒಂದು ಗಂಟೆ, ಕಟ್ಟಡದ ತಾರಸಿಯಲ್ಲಿ. ಚಳಿಗೆ ಎನಾಮೆಲ್ ಗಟ್ಟಿಯಾಗಿ ಬ್ರಷ್ಷಿಗೆ ಅಂಟುತ್ತಿತ್ತು. ವಾಸಣ್ಣ ಎಡಗಣ್ಣಿಗೆ ಕರ್ಚೀಫು ಕಟ್ಟಿಕೊಂಡು ಕೂರುತ್ತಿದ್ದರು. ನಾಲ್ಕೇ ಚಮಚಕ್ಕೆ ಹಸಿರು ಸಿಕ್ಕಿತು. ಮಂಕು ಹಸಿರು, ಕಂದಿನ ಕಡೆಗೆ ವಾಲಿದ್ದು. ನೋಡಿದರೆ ಕಣ್ಣು ಅಲ್ಲಿ ನಿಲ್ಲುವುದೂ ಇಲ್ಲ, ಅಂಥದ್ದು.

“ಇಷ್ಟೇನಾ?” ಎಂದರು ಅವರೇ. ಮೂವತ್ತೆರಡು ವರ್ಷ ಇನ್ನೂ ಚೆಂದದ್ದೇನನ್ನೋ ಇಟ್ಟುಕೊಂಡಿದ್ದವರ ಹಾಗೆ.

ಮತ್ತೆ ಜಿಡ್ಡು, ಮತ್ತೆ ಸವೆತ, ಮತ್ತೆ ಕೆಸರು. ಈ ಸಲ ಕೆಸರಿಗೆ ಮುಂಚೆ ಅವರೇ ಟೇಪಿನ ಎರಡು ಚೂರು ಕತ್ತರಿಸಿ ಎರಡು ಗಾಜಿಗೂ ಅಂಟಿಸಿದರು. ಅಂಟಿಸಿ, ಕಿತ್ತು, ಮತ್ತೆ ಅಂಟಿಸಿ ಆ ಎರಡು ಚೂರಿಗೆ ಇಡೀ ಬೆಳಗು ಹೋಯಿತು. ನಾನು ಮಾಡಿಕೊಡುತ್ತೇನೆ ಎಂದದ್ದಕ್ಕೆ ಬೇಡ ಎಂದರು.

ಉತ್ತರಾಯಣದ ದಿನ ಸೂರತಿನ ಎಲ್ಲ ತಾರಸಿಗಳ ಹಾಗೆ ನಮ್ಮದೂ ತುಂಬಿತ್ತು. ಗುಲಾಬಿ ಬಣ್ಣದ ಮಾಂಜಾ ದಾರ ಕಾಲಿಗೆ, ಕತ್ತಿಗೆ, ಒಣಹಾಕಿದ ಬಟ್ಟೆಗೆ ಸುತ್ತಿಕೊಳ್ಳುತ್ತಿತ್ತು. ನೀರಿನ ಟ್ಯಾಂಕಿಯ ಮರೆಯಲ್ಲಿ ಕೂತು ಕೊನೆಯ ಕೆಸರು ಹಚ್ಚಿದೆ, ಹೊಸದಾಗಿ ಬಿದ್ದ ಒದ್ದೆ ಕೆಸರು. ಅದಕ್ಕೆ ಗೋಂದಿನ ಬದಲು ಎಣ್ಣೆಬಣ್ಣ ಬೆರೆಸಿದ್ದೆ. ಹೊಳಪು ಚೆನ್ನಾಗಿ ಬರುತ್ತದೆ, ಆದರೆ ಮೂರು ದಿನ ಒಣಗುವುದಿಲ್ಲ. ಪಕ್ಕದ ಫ್ಲ್ಯಾಟಿನ ಹೆಂಗಸೊಬ್ಬರು ಬಗ್ಗಿ ನೋಡಿ, “ಅಯ್ಯೋ ಭಾಯ್, ಇಷ್ಟು ಒಳ್ಳೆಯ ಆಟಿಕೆಗೆ ಮಣ್ಣು ಮೆತ್ತಿದ್ದೀರಲ್ಲ, ತೊಳೆದು ಕೊಡಲಾ?” ಎಂದರು ಗುಜರಾತಿಯಲ್ಲಿ. ವಾಸಣ್ಣ ನಕ್ಕರು. ಆ ಮೂರು ತಿಂಗಳಲ್ಲಿ ಅವರು ನಕ್ಕದ್ದು ಅದೊಂದೇ ಸಲ ಎಂದು ಬರೆಯಲು ಹೊರಟಿದ್ದೆ. ಅಷ್ಟು ಖಾತ್ರಿ ಇಲ್ಲ.

ಮರುದಿನ ಬೆಳಗ್ಗೆ ರೈಲು ಹತ್ತಿದೆವು. ಟ್ಯಾಂಕು ಇಡ್ಲಿ ಪಾರ್ಸೆಲಿನ ರಟ್ಟಿನ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ವಾಸಣ್ಣನ ತೊಡೆಯ ಮೇಲೆ. ಹಸಿ ಕೆಸರು ತಾಗಬಾರದೆಂದು ಟೇಪನ್ನು ತೆಗೆದಿರಲಿಲ್ಲ. ತಂತಿಗಳಲ್ಲಿ ಸಿಕ್ಕಿಬಿದ್ದ ಗಾಳಿಪಟಗಳು ಉದ್ದಕ್ಕೂ ಜೋಲುತ್ತಿದ್ದವು. ಭರೂಚಿನ ಸೇತುವೆ ಬಂದಾಗ ಎದುರಿನವರು ಎದ್ದು ನರ್ಮದೆಗೆ ಕೈ ಮುಗಿದರು. ಚಕ್ರದ ಸದ್ದು ಬದಲಾಯಿತು. ವಾಸಣ್ಣ ಪೆಟ್ಟಿಗೆಯಿಂದ ಕಣ್ಣು ತೆಗೆಯದೆ ಕೇಳಿದರು.

“ಮಾಸ್ತರೇ, ಗಾಡಿ ನಿಂತಾಗ ಡ್ರೈವರಿನ ಮೊದಲ ಕೆಲಸ ಎಂತ ಗೊತ್ತುಂಟಾ?”

“ಇಲ್ರಿ.”

“ಇಳಿದು ಗಾಜು ಒರೆಸುದು. ಎರಡು ನಿಮಿಷದ ಕೆಲಸ.”

ಸೇತುವೆ ಮುಗಿಯಿತು. ಆಗ ನನಗೆ ಅರ್ಥವಾಗಿತ್ತು. ಅರ್ಥವಾದದ್ದನ್ನು ಬಾಯಿಬಿಟ್ಟು ಕೇಳುವ ಧೈರ್ಯ ಬರಲಿಲ್ಲ. ಪೆಟ್ಟಿಗೆಯೊಳಗೆ ಇರುವುದು ಆ ದಿನದ ಗಾಡಿ ಅಲ್ಲ, ಗಾಜು ಒರೆಸಿದ ಗಾಡಿ. ಅದನ್ನೇ ಅವಳ ಕೈಯಲ್ಲಿಟ್ಟು ಊಟ ಮಾಡಿ ವಾಪಸ್ಸಾಗುತ್ತೇವೆ ಎಂದುಕೊಂಡೆ. ಹಾಗಾದರೆ ಸಾಕು ಎಂದೂ ಅಂದುಕೊಂಡೆ.

ನೀತಾಳ ಮನೆ ಒಂದನೆಯ ಮಹಡಿಯಲ್ಲಿತ್ತು. ಗಂಡ ಮಕ್ಕಳು ತಾರಸಿಯ ಮೇಲೆ. ಅಲ್ಲಿಂದ ‘ಲಪೇಟ್, ಲಪೇಟ್’, ದಾರ ಸುತ್ತು ಎಂಬ ಕೂಗು, ಕಾಲ್ತುಳಿತ. ಗೋಡೆಯ ಮೇಲೆ ತಂದೆಯ ಫೋಟೊ, ಗಂಧದ ಹಾರ. ಅವಳು ವಾಸಣ್ಣನ ಕಾಲು ಮುಟ್ಟಲು ಬಗ್ಗಿದಳು. ಅವರು ಎರಡು ಹೆಜ್ಜೆ ಹಿಂದೆ ಸರಿದರು. ಚಹಾ ಬಂತು. ಅವಳು ಪೆಟ್ಟಿಗೆ ತೆರೆದು, ಟ್ಯಾಂಕಿನ ತಳಕ್ಕೆ ಕೈಹಾಕಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದಳು.

“ಈ ಬಣ್ಣವಾ?” ಹಿಂದಿಯಲ್ಲಿ ಕೇಳಿದಳು. “ನಾನು ಇಷ್ಟು ವರ್ಷ ಗಾಢ ಹಸಿರು ಅಂದುಕೊಂಡಿದ್ದೆ.”

“ನಾನೂ,” ಎಂದರು ವಾಸಣ್ಣ.

“ಪಪ್ಪಾ ಎಲ್ಲಿ ಕೂರುತ್ತಿದ್ದರು?”

ಮೇಲಿನ ಗುಮ್ಮಟದ ಎಡಗಡೆಯ ಮುಚ್ಚಳ ತೋರಿಸಿದರು.

“ನೀವು?”

ಕೆಳಗೆ, ಮುಂದೆ. ಟೇಪು ಇದ್ದಲ್ಲಿ.

“ಇದೇನು ಅಂಟಿಸಿದ್ದೀರಿ?”

ಕೆಸರಾಗದ ಹಾಗೆ ಕಾಪಾಡಲಿಕ್ಕೆ ಎಂದು ನಾನು ಹೇಳಿ, ಗುಂಡುಸೂಜಿಯಿಂದ ಎರಡೂ ಚೂರುಗಳನ್ನು ಎಬ್ಬಿಸಿ ತೆಗೆದೆ. ಅಷ್ಟು ಕೊಳೆಯ ನಡುವೆ ಎರಡು ಗಾಜು ಫಳ್ಳನೆ ಹೊಳೆದವು. ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆಯೂ ಆಯಿತು, ಮುಚ್ಚಿಡುವುದಿಲ್ಲ.

“ಎಷ್ಟು ಶುಭ್ರ!” ಎಂದಳು ನೀತಾ. “ನೀವು ಒಳ್ಳೆಯ ಡ್ರೈವರ್ ಆಗಿದ್ದಿರಿ ಅಂಕಲ್. ಪಪ್ಪಾನ ಅದೃಷ್ಟ.”

ವಾಸಣ್ಣ ಕೈ ಚಾಚಿದರು. ಅವಳು ಟ್ಯಾಂಕನ್ನು ಕೊಟ್ಟಳು. ಬಲಗೈಯೋ ಎಡಗೈಯೋ ನನಗೆ ನೆನಪಿಲ್ಲ, ಹೆಬ್ಬೆರಳನ್ನು ಮುಂಭಾಗದ ಹಸಿ ಕೆಸರಿನ ಮೇಲೆ ಒತ್ತಿ, ಎಳೆದು, ಒಂದು ಗಾಜಿನ ಮೇಲೆ ಸವರಿದರು. ಮತ್ತೆ ಒತ್ತಿ ಇನ್ನೊಂದರ ಮೇಲೆ. ಗಾಜು ಮುಚ್ಚಿಹೋಯಿತು. ಅವರ ಬೆರಳಿನ ಗೆರೆಗಳು ಕೆಸರಿನಲ್ಲಿ ಮೂಡಿದ್ದವು.

“ಹೀಗಿತ್ತು,” ಎಂದರು.

ಮುಂದಿನದನ್ನು ಅವರು ನಿಂತುಕೊಂಡೇ ಹೇಳಿದರು, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು. ಕಬ್ಬಿನ ಗದ್ದೆಯ ಅಂಚಿನಲ್ಲಿ ಹತ್ತು ನಿಮಿಷ ಗಾಡಿ ನಿಂತಿತ್ತು. ನಾವು ಆ ರಾತ್ರಿ ಸೂರತಿಗೆ ವಾಪಸ್ಸಾಗುವಾಗ ರೈಲಿನಲ್ಲಿ ನನಗೆ ಐದು ನಿಮಿಷ ಎಂದರು. ಬಹಳ ಚಳಿ. ಇಳಿದು ಗಾಜು ಒರೆಸಬೇಕಾಗಿತ್ತು, ಇಳಿಯಲಿಲ್ಲ. ಒಳಗೇ ಕೂತು ಚಹಾ ಕುಡಿದರು. ಹೊರಡುವ ಹುಕುಮು ಬಂತು. ಮುಚ್ಚಳ ಹಾಕಿಕೊಂಡ ಮೇಲೆ ಎದುರಿಗೆ ಬರೀ ಕಂದು. ಗಾಡಿ ಎತ್ತ ಹೋಗುತ್ತಿದೆ ಎಂದು ತಿಳಿಯದೆ, ಏನೂ ಕಾಣುತ್ತಿಲ್ಲ ಸಾಹೇಬ್ ಎಂದು ಕೂಗಿದರು. ದಾರಿ ತೋರಿಸಲು ಸಾಹೇಬರು ತಲೆ ಹೊರಗೆ ಹಾಕಿದರು. ‘ಎಡಕ್ಕೆ, ಎಡಕ್ಕೆ, ನೇರ’ ಎಂದು ಹೇಳುತ್ತಿದ್ದರು. ನೇರ ಎಂದಾದ ಮೇಲೆ ದನಿ ಬರಲಿಲ್ಲ.

“ಶತ್ರುವನ್ನು ನೋಡಲಿಕ್ಕೆ ತಲೆ ಹಾಕಿದ್ದಲ್ಲ ಬೇಟಾ. ನನಗೆ ಕಣ್ಣಾಗಲಿಕ್ಕೆ. ಮೂವತ್ತೆರಡು ವರ್ಷ ಬೇರೆ ಹೇಳಿದೆ. ನಿನ್ನ ಅಮ್ಮನಿಗೂ.”

ತಾರಸಿಯಲ್ಲಿ ಯಾರದೋ ಗಾಳಿಪಟ ಕತ್ತರಿಸಿಹೋಯಿತು, ಜೋರು ಕೂಗು. ನೀತಾ ಟ್ಯಾಂಕನ್ನು ವಾಪಸ್ಸು ತೆಗೆದುಕೊಂಡಳು. ಸೆರಗಿನ ತುದಿಯನ್ನು ಗಾಜಿನ ಹತ್ತಿರ ತಂದಳು. ಒರೆಸಿಬಿಡುತ್ತಾಳೆ ಎಂದುಕೊಂಡೆ. ಒರೆಸಲಿಲ್ಲ. ಸೆರಗನ್ನು ಬಿಟ್ಟಳು.

ವಾಸಣ್ಣನ ಎಡಗಣ್ಣಿನ ಪೊರೆಯನ್ನೂ ಆ ಬೇಸಿಗೆಯಲ್ಲಿ ತೆಗೆಸಿದರು. ಕೆಲವು ವರ್ಷಗಳಲ್ಲಿ ಅವರು ಹೋದರು. ಆಗ ನಾನು ಅಹಮದಾಬಾದಿಗೆ ಕೆಲಸ ಬದಲಾಯಿಸಿದ್ದೆ. ಟ್ಯಾಂಕು ಆ ಮನೆಯ ಕಪಾಟಿನಲ್ಲಿ ಇದೆಯೋ ಇಲ್ಲವೋ ತಿಳಿಯದು. ಹೋಗಿ ನೋಡಬಹುದು, ದೂರವೇನಲ್ಲ. ನನ್ನ ಕಣ್ಣಿಗೆ ಈಗ ಐವತ್ತರ ಹತ್ತಿರದ ಹಳದಿ ಬಂದಿರಬೇಕು. ಆ ಹಸಿರು ಬೇರೆ ಯಾವುದೋ ಆಗಿ ಕಂಡರೆ ಎಂದು ಹೋಗಿಲ್ಲ.

ಅಂದು ನೀತಾ ಟ್ಯಾಂಕನ್ನು ಮೇಜಿನ ಮೇಲೆ, ಆರುತ್ತಿದ್ದ ಚಹಾದ ಕಪ್ಪುಗಳ ನಡುವೆ ಇಟ್ಟಳು. ಅಳಲಿಲ್ಲ. ಶಾಲೆಯಲ್ಲಿ ಮಕ್ಕಳನ್ನು ಕೇಳುವವಳ ಹಾಗೆ, ನಿಧಾನವಾಗಿ ಕೇಳಿದಳು.

“ಪಪ್ಪಾ ಚಹಾ ಕುಡಿದರಾ?”

“ಅರ್ಧ ಕುಡಿದರು. ಉಳಿದ ಅರ್ಧವನ್ನು ಮೇಲಿನಿಂದ ಬಗ್ಗಿ ನನಗೆ ಕೊಟ್ಟರು. ಮೊದಲು ಇದನ್ನು ಕುಡಿ ಎಂದರು. ಅದನ್ನೇ ಕುಡಿಯುತ್ತ ಕೂತದ್ದು ನಾನು.”

ಅವಳು ಆರಿದ ಒಂದು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಆ ಮಗ್ಗು ಯಾವ ಬಣ್ಣದ್ದು?”

ವಾಸಣ್ಣ ಎಡಗಣ್ಣು ಮುಚ್ಚಿದರು. ತೆರೆದು ಬಲಗಣ್ಣು ಮುಚ್ಚಿದರು. ಹದಿನೆಂಟು ಚಮಚ ಹಸಿರನ್ನು ಒಂದೊಂದಾಗಿ ಮೂಗಿನ ಹತ್ತಿರ ಹಿಡಿದು ನೋಡಿದ ಮನುಷ್ಯ, ಅವಳ ಮುಂದೆ ಕಣ್ಣು ಬದಲಿಸಿ ಬದಲಿಸಿ ಹುಡುಕುತ್ತ ನಿಂತರು.

“ಗೊತ್ತಿಲ್ಲ ಬೇಟಾ,” ಎಂದರು ಕೊನೆಗೆ. “ಬಿಸಿ ಇತ್ತು.”